ಒಂದು ಗಂಟೆ ಹದಿನೆಂಟು ನಿಮಿಷ

ಕೇದಾರ್ ಬಿನ್ ಚಲುವನಾರಾಯಣ, 36 ವರ್ಷ, ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಆಟೋಮೊಬೈಲ್ ವಿಭಾಗದ ಉಪನ್ಯಾಸಕ, ವಾಸ ವಿದ್ಯಾನಗರ, ಹಾಸನ. ದಿನಾಂಕ 21-04-2009 ರಂದು ಬೆಳಿಗ್ಗೆ 10.30 ಗಂಟೆಗೆ ಹೊಳೆನರಸೀಪುರದ ಪೊಲೀಸ್ ಠಾಣೆಗೆ ಯಾರೂ ಕರೆಸದೆ ನಾನಾಗಿಯೇ ಬಂದು ಈ ಮೂಲಕ ಬರೆಸುತ್ತಿರುವುದೇನೆಂದರೆ:

ದಿನಾಂಕ 18ರ ಸಂಜೆ ನಾನು ಕೊಟ್ಟ ದೂರಿನಲ್ಲಿ, ಒಬ್ಬ ವ್ಯಕ್ತಿ ಚಾಕು ತೋರಿಸಿ ನನ್ನ ಕಾರನ್ನು ಕಿತ್ತುಕೊಂಡು, ಹಿಂದಿನ ಸೀಟಿನಲ್ಲಿ ಮಲಗಿದ್ದ ನನ್ನ ನಾಲ್ಕು ವರ್ಷದ ಮಗಳು ಅನ್ವಿತಾಳ ಸಮೇತ ಓಡಿಸಿಕೊಂಡು ಹೋದನೆಂದು ಬರೆಸಿ ಸಹಿ ಮಾಡಿದ್ದೆ. ಅದರಲ್ಲಿ ಚಾಕುವಿನ ಮಾತು ಸುಳ್ಳು. ನಾನು ಆ ವ್ಯಕ್ತಿಯನ್ನು ಆ ದಿನ ನೋಡಿಯೇ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಈಗ ಹೇಳುತ್ತೇನೆ.

ನನ್ನ ಹೆಂಡತಿ ಹಂಸ ಹೈಸ್ಕೂಲು ಶಿಕ್ಷಕಿ. ಆ ವಾರ ಆಕೆಗೆ ಹಾಸನದಲ್ಲಿ ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಗಳ ಮೌಲ್ಯಮಾಪನದ ಕೆಲಸವಿತ್ತು. ರಜೆ ಕೊಡುವುದಿಲ್ಲವೆಂದು ಹೇಳಿದ್ದರು. ಮಗಳಿಗೆ ಹಿಂದಿನ ದಿನದಿಂದ ಜ್ವರ. ಹಳ್ಳಿಮೈಸೂರಿನಲ್ಲಿರುವ ನನ್ನ ಅತ್ತೆ ಶ್ರೀರಂಗಮ್ಮನವರ ಬಳಿ ಎರಡು ದಿನ ಬಿಟ್ಟು ಬರುವುದೆಂದು ತೀರ್ಮಾನವಾಗಿ, 18ನೇ ತಾರೀಕು ಶನಿವಾರ ಬೆಳಿಗ್ಗೆ 11.40ಕ್ಕೆ ನಾನು ಮಗುವನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ತೆಳು ಹೊದಿಕೆ ಹೊದಿಸಿ ಹಾಸನದಿಂದ ಹೊರಟೆ.

ಕಾರು ಕೊಂಡು ಏಳು ತಿಂಗಳಾಗಿತ್ತು. ಸ್ಟಿಯರಿಂಗ್ ಹಿಂದಿನ ಸಣ್ಣ ಪರದೆಯಲ್ಲಿ ಎಷ್ಟು ಕಿಲೋಮೀಟರ್ ಬಂದೆವು, ಎಂಜಿನ್ ಎಷ್ಟು ಹೊತ್ತು ಓಡಿತು, ಉಳಿದ ಪೆಟ್ರೋಲಿಗೆ ಇನ್ನೆಷ್ಟು ದೂರ ಹೋಗಬಹುದು, ಹೊರಗೆ ಎಷ್ಟು ಬಿಸಿಲು, ಎಲ್ಲವೂ ಬರುತ್ತದೆ. ಹಿಂದಕ್ಕೆ ತೆಗೆಯುವಾಗ ಗೋಡೆ ಹತ್ತಿರವಾದಂತೆ ಕೀ ಕೀ ಎಂದು ಶಬ್ದ ಬರುತ್ತದೆ. ಒಂದಡಿಗಿಂತ ಕಡಿಮೆಯಾದರೆ ನಿಲ್ಲದೆ ಒಂದೇ ಸಮನೆ ಕೂಗುತ್ತದೆ. ಹೊರಡುವ ಮುಂಚೆ ಹಂಸ, ಪೆಟ್ರೋಲ್ ಹಾಕಿಸಿಕೊಂಡೇ ಹೋಗಿ ಎಂದು ಎರಡು ಸಲ ಹೇಳಿದ್ದಳು. ಪರದೆಯಲ್ಲಿ 78 ಕಿ.ಮೀ. ಇತ್ತು. ಇನ್ನೂ 78 ತೋರಿಸ್ತಿದೆ, ಹೋಗೋದು 48, ನೀನು ಸುಮ್ನಿರು ಎಂದು ನಾನು ಹೇಳಿದ್ದೆ. ಬಂದ ದೂರ, ಎಂಜಿನ್ ಓಡಿದ ಸಮಯ ಎರಡನ್ನೂ ಸೊನ್ನೆ ಮಾಡಿ ಹೊರಟೆ. ಪ್ರತಿ ಸಲವೂ ಹಾಗೆಯೇ ಮಾಡುತ್ತಿದ್ದೆ.

ಮಧ್ಯಾಹ್ನ 12.36ಕ್ಕೆ ಹೊಳೆನರಸೀಪುರದ ಬಸ್ ನಿಲ್ದಾಣದ ಹತ್ತಿರದ ಒಂದು ಔಷಧಿ ಅಂಗಡಿಯ ಪಕ್ಕ ಕಾರನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿದೆ. ಪರದೆಯಲ್ಲಿ ಬಂದ ದೂರ 32.4 ಕಿ.ಮೀ., ಇನ್ನು ಹೋಗಬಹುದಾದ ದೂರ 43, ಹೊರಗಿನ ಬಿಸಿಲು 36 ಡಿಗ್ರಿ. ಜ್ವರದ ಸಿರಪ್ ತೆಗೆದುಕೊಳ್ಳುವುದಿತ್ತು. ಮಗು ನಿದ್ದೆಯಲ್ಲಿತ್ತು. ಎಬ್ಬಿಸುವುದು ಬೇಡವೆಂದು, ಸೆಕೆ ಆಗದಿರಲೆಂದು, ಎಂಜಿನ್ ಮತ್ತು ಎ.ಸಿ. ಚಾಲೂ ಇಟ್ಟು, ಕೀಲಿಯನ್ನು ಅಲ್ಲೇ ಬಿಟ್ಟು, ಗಾಜುಗಳನ್ನು ಏರಿಸಿ, ಬಾಗಿಲು ಹಾಕಿ ಇಳಿದೆ. ಬಾಗಿಲಿಗೆ ಬೀಗ ಹಾಕಲಿಲ್ಲ. ಅಂಗಡಿಗೆ ಹನ್ನೆರಡು ಹೆಜ್ಜೆ.

ಸಿರಪ್ ಕೈಗೆ ಬರಲು ಎರಡು ನಿಮಿಷವೂ ಹಿಡಿಯಲಿಲ್ಲ. ಆಗ ನನ್ನ ಸಹೋದ್ಯೋಗಿ ಆತ್ರೇಯ ಫೋನ್ ಮಾಡಿದ. ಅವನೂ ಇದೇ ಕಾರು ಕೊಳ್ಳುವ ಯೋಚನೆಯಲ್ಲಿದ್ದ. ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಕೇಳಿದ. ರಸ್ತೆಯ ಗದ್ದಲಕ್ಕೆ ಕೇಳಿಸುವುದಿಲ್ಲವೆಂದು ನಾನು ಅಂಗಡಿಯ ಒಳಭಾಗಕ್ಕೆ ಸರಿದು, ರಸ್ತೆಗೆ ಬೆನ್ನು ಮಾಡಿ, ಪರದೆಯಲ್ಲಿ ಏನೇನು ಬರುತ್ತದೆ, ಹೇಗೆ ಓಡಿಸಿದರೆ ಎಷ್ಟು ಉಳಿತಾಯ ಎಂದು ವಿವರಿಸಿದೆ. ಮಾತಾಡಿದ್ದು 7 ನಿಮಿಷ. 12.45ಕ್ಕೆ ಹೊರಗೆ ಬಂದಾಗ ಕಾರು ಇರಲಿಲ್ಲ.

ಮೊದಲು ನಾನೇ ಬೇರೆ ಕಡೆ ನಿಲ್ಲಿಸಿದ್ದೆನೇನೋ ಎಂದುಕೊಂಡೆ. ಬಸ್ ನಿಲ್ದಾಣದ ತನಕ ಓಡಿ ವಾಪಸ್ ಬಂದೆ. ಮಗಳ ಹೆಸರು ಕೂಗಿದೆನೆಂದು ಅಂಗಡಿಯವರು ಆಮೇಲೆ ಹೇಳಿದರು. ನನಗೆ ನೆನಪಿಲ್ಲ. ಆ ಹೊತ್ತಿಗೆ, 12.47ಕ್ಕೆ, ಊಟದ ಬಿಡುವಿನಲ್ಲಿದ್ದ ಹಂಸಳಿಂದ ಫೋನ್ ಬಂತು.

"ರೀ, ಅನೂ ಹೇಗಿದಾಳೆ? ಔಷಧಿ ಕೊಟ್ರಾ?" ಎಂದಳು.

ನಾನು ಇನ್ನೂ ರಸ್ತೆಯ ಆ ಬದಿ ಈ ಬದಿ ನೋಡುತ್ತಿದ್ದೆ. ಏನಾಯ್ತು ಎಂದು ಮತ್ತೆ ಮತ್ತೆ ಕೇಳಿದಳು. ಕೀಲಿ ಬಿಟ್ಟು ಇಳಿದೆ ಎನ್ನಲು ಬಾಯಿ ಬರಲಿಲ್ಲ. "ಚಾಕು ತೋರಿಸಿ ಕಾರು ಕಿತ್ಕೊಂಡು ಹೋದ್ರು. ಇಬ್ರು ಬೈಕಲ್ಲಿ ಬಂದ್ರು. ಅನೂ ಒಳಗೇ ಇದಾಳೆ" ಎಂದುಬಿಟ್ಟೆ. ಈ ಮಾತನ್ನು ಮೊದಲೇ ಯೋಚಿಸಿ ಇಟ್ಟುಕೊಂಡಿರಲಿಲ್ಲ. ಆಕೆ ಕಿರುಚಿದ್ದು ಕೇಳಿಸಿತು, ಆಮೇಲೆ ಫೋನ್ ಕೆಳಗೆ ಬಿದ್ದ ಸದ್ದು.

12.55ಕ್ಕೆ ಠಾಣೆಗೆ ಬಂದೆ. ಹೆಂಡತಿಗೆ ಹೇಳಿದ್ದನ್ನೇ ಠಾಣಾಧಿಕಾರಿಗಳಿಗೂ ಹೇಳಿದೆ. ಚಾಕು ಹಿಡಿದು ಇಬ್ಬರು ಬಂದಿದ್ದಾರೆಂದರೆ ಹೊರಗಿನ ತಂಡವೇ ಇರಬೇಕು, ಹೆದ್ದಾರಿ ಹಿಡಿಯುತ್ತಾರೆ ಎಂದು ಅವರು ಎರಡು ಜೀಪುಗಳನ್ನು ಚನ್ನರಾಯಪಟ್ಟಣ ಮತ್ತು ಹಾಸನದ ರಸ್ತೆಗಳಿಗೆ ಕಳಿಸಿ, ಚುನಾವಣೆಗೆ ಹಾಕಿದ್ದ ಚೆಕ್‌ಪೋಸ್ಟ್‌ಗಳಿಗೂ ವೈರ್‌ಲೆಸ್ಸಿನಲ್ಲಿ ತಿಳಿಸಿದರು.

ಮಧ್ಯಾಹ್ನ 1.05ಕ್ಕೆ ಪೇದೆ ಪುಟ್ಟಸ್ವಾಮಿಯವರು, ಔಷಧಿ ಅಂಗಡಿಯ ಎದುರು ಕಬ್ಬಿನ ಹಾಲು ಮಾರುವ ಮಾರಮ್ಮ ಎಂಬುವರನ್ನು ಕರೆತಂದರು. ಆಕೆ ಹೇಳಿದ್ದು ಹೀಗೆ: "ಒಬ್ನೇ ಇದ್ದ ಸಾ. ಮೆತ್ತಗೆ ಬಾಗ್ಲು ತಗ್ದು ಕುಂತ್ಕಂಡ. ಅವರ ಡ್ರೈವರ್ರೇ ಇರ್ಬೇಕು ಅನ್ಕಂಡೆ. ಅಳೇಕೋಟೆ ರಸ್ತೆಗೆ ಓಯ್ತು ಕಾರು. ಚಾಕುನೂ ಇಲ್ಲ, ಗಲಾಟೆನೂ ಇಲ್ಲ."

ಠಾಣಾಧಿಕಾರಿಗಳು ನನ್ನ ಕಡೆ ತಿರುಗಿ, ಈಯಮ್ಮ ಬೇರೆ ಹೇಳ್ತಾರಲ್ಲ ಸಾರ್ ಎಂದು ಕೇಳಿದರು. ಆಗ ನಾನು, ಅವರು ನೋಡಿದ್ದು ಬೇರೆ ಯಾವುದೋ ಕಾರಿರಬೇಕು ಎಂದೆ. ಮಾರಮ್ಮ ನನ್ನ ಮುಖವನ್ನೇ ನೋಡಿ, "ನಿಮ್ ಕಾರೇ ಕಣ ಸಾಮಿ, ಬೂದಿ ಬಣ್ಣದ್ದು" ಎಂದರು. ನಾನು ಅಲ್ಲ ಎಂದು ಮತ್ತೊಮ್ಮೆ ಹೇಳಿದೆ. ಮಗುವಿನ ತಂದೆಯ ಮಾತು ನಂಬಿ ಅವರನ್ನು ವಾಪಸ್ ಕಳಿಸಲಾಯಿತು. ಹಳೇಕೋಟೆ ರಸ್ತೆಗೆ ಯಾರನ್ನೂ ಕಳಿಸಲಿಲ್ಲ. ಇದರಲ್ಲಿ ಠಾಣೆಯವರ ತಪ್ಪೇನೂ ಇಲ್ಲ.

ಆಮೇಲಿನ ಮುಕ್ಕಾಲು ಗಂಟೆ ಠಾಣೆಯ ಬೆಂಚಿನ ಮೇಲೆ ಕೂತಿದ್ದೆ. ಸಿರಪ್ ಬಾಟಲಿ ಕೈಯಲ್ಲೇ ಇತ್ತು. ಹಂಸ ಹಾಸನದಿಂದ ಬಸ್ಸು ಹತ್ತಿದ್ದಳು, ನಾಲ್ಕು ಸಲ ಫೋನ್ ಮಾಡಿದಳು. ಪುಟ್ಟಸ್ವಾಮಿಯವರು ಪೆಟ್ರೋಲ್ ಎಷ್ಟಿತ್ತು ಸಾ ಎಂದು ಕೇಳಿದರು. 43 ಕಿಲೋಮೀಟರಿಗೆ ಆಗುವಷ್ಟು ಎಂದೆ. ಹಾಗಾದರೆ ಎಲ್ಲಿಗೆ ಹೋದರೂ ಹಾಕಿಸಲೇಬೇಕು ಎಂದು ಅವರು ಎರಡೂ ಹೆದ್ದಾರಿಗಳ ಪೆಟ್ರೋಲ್ ಬಂಕುಗಳಿಗೆ ಒಂದೊಂದಾಗಿ ಫೋನ್ ಮಾಡಿದರು. ಯಾವ ಬಂಕಿಗೂ ಬಂದಿರಲಿಲ್ಲ. ಚೆಕ್‌ಪೋಸ್ಟ್‌ಗಳನ್ನೂ ದಾಟಿರಲಿಲ್ಲ. ಆಗ ನನಗೆ ತಿಳಿಯಿತು. ಕಾರು ಆ ರಸ್ತೆಗಳಲ್ಲಿ ಹೋಗಿಲ್ಲ. ಎಲ್ಲೋ ನಿಂತಿದೆ. ಎಂಜಿನ್ ನಿಂತರೆ ಎ.ಸಿ. ಇಲ್ಲ, ಗಾಜು ಏರಿಸಿದೆ, ಹಿಂದಿನ ಬಾಗಿಲುಗಳಿಗೆ ಮಕ್ಕಳು ತೆಗೆಯದ ಹಾಗೆ ಲಾಕ್ ಹಾಕಿದವನು ನಾನೇ. ನಿಂತ ಕಾರಿನೊಳಗೆ ಬಿಸಿ ಎಷ್ಟು ಬೇಗ ಏರುತ್ತದೆಂದು ನಾನು ತರಗತಿಯಲ್ಲಿ ಪಾಠ ಮಾಡುವವನು.

1.48ಕ್ಕೆ ಎದ್ದು ಠಾಣಾಧಿಕಾರಿಗಳ ಬಳಿ ಹೋಗಿ, ಆ ಹೆಂಗಸು ಹೇಳಿದ್ದೇ ಸರಿ, ಒಬ್ಬನೇ ಇದ್ದದ್ದು, ಗಾಬರಿಯಲ್ಲಿ ಇಬ್ಬರು ಎಂದುಬಿಟ್ಟೆ ಎಂದು ಹೇಳಿದೆ. ಆಗಲೂ ಚಾಕು ಇರಲಿಲ್ಲ ಎಂದು ಹೇಳಲಿಲ್ಲ. ಅವರು ಟೋಪಿ ತೆಗೆದುಕೊಂಡು ಠಾಣೆಯಲ್ಲಿ ಉಳಿದಿದ್ದ ಜೀಪಿನ ಕಡೆ ಓಡಿದರು. ನಾನೂ ಹಿಂದೆ ಹತ್ತಿದೆ.

ಹಳೇಕೋಟೆ ಕಡೆಯ ರಸ್ತೆಯಲ್ಲಿ ಸುಮಾರು 11 ಕಿ.ಮೀ. ಹೋದ ಮೇಲೆ ಎಡಗಡೆಯ ಮಣ್ಣು ದಾರಿಯಲ್ಲಿ ಮೂವತ್ತು ನಲವತ್ತು ಜನ ನಿಂತಿದ್ದರು. ಆಗ ಸಮಯ 2.12. ಜನರಿಂದ ಆಚೆ ಹೊಗೆಸೊಪ್ಪು ಬೇಯಿಸುವ ಹಳೆಯ ಬ್ಯಾರನ್ ಮನೆ ಇತ್ತು. ಅದರ ತಗಡಿನ ಚಪ್ಪರದೊಳಗೆ ನನ್ನ ಕಾರು ಹಿಂಭಾಗ ಒಳಗಾಗಿ ನಿಂತು, ಒಂದೇ ಸಮನೆ ಕೂಗುತ್ತಿತ್ತು. ಬೇವಿನ ಮರದ ಬುಡದಲ್ಲಿ ಬೆಟ್ಟಮ್ಮ ಎಂಬ ಸುಮಾರು 55 ವರ್ಷದ ಹೆಂಗಸಿನ ತೊಡೆಯ ಮೇಲೆ ನನ್ನ ಮಗಳಿದ್ದಳು. ಮೈಗೆ ಒದ್ದೆ ಸೀರೆ ಸುತ್ತಿದ್ದರು. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತ್ತು. ಬಲಗೈ ಅದುರುತ್ತಿತ್ತು.

ಬೆಟ್ಟಮ್ಮನವರು ಜೀಪಿನಲ್ಲಿ ಮಗುವನ್ನು ಬಿಡದೆ ಹಿಡಿದುಕೊಂಡೇ ಬಂದರು. ದಾರಿಯಲ್ಲಿ ಹೇಳಿದ್ದು: "ಒಂದು ಗಂಟೇಲಿಂದ್ಲೂ ಕುಂಯ್ ಅಂತ ಕೂಗ್ತಾನೆ ಇತ್ತು ಸಾ. ಒಬ್ಬ ಎಗರ್ಕಂಡು ಓಡೋದ. ನಮ್ಮೂರೋರು ಬಾಂಬು ಬಾಂಬು ಅಂದ್ಕಂಡು ಯಾರೂ ಅತ್ರ ಓಗ್ನಿಲ್ಲ. ನನ್ನೂ ಬಿಡ್ನಿಲ್ಲ. ನಡುನಡುವೆ ಕೂಸು ಅಳೋದು ಕೇಳುಸ್ತು. ಬಾಂಬು ಅಳ್ತದೇನ್ರಲಾ ಅಂತ ಬೈದು ಓದೆ. ಮುಂದಿನ ಬಾಗ್ಲು ತಗ್ದು ಬಗ್ಗಿ ಎಳ್ಕಂಡೆ. ಮೈ ಕಾದ ಎಂಚಿದ್ದಂಗಿತ್ತು. ಆಸ್ಪತ್ರೆಗೆ ಓಗಾನ ಅಂದ್ರೆ ಊರಲ್ಲಿರೋದು ಒಂದೇ ಆಟೋ, ಅದೂ ಸಂತೆಗೋಗಿತ್ತು. ಎಲ್ಡು ಗಂಟೆ ಒತ್ಗೆ ಕೈ ಕಾಲು ಸೆಟ್ಕಂಡ್ಬುಡ್ತು."

ಅವರು ಮಗುವನ್ನು ಹೊರಗೆ ತೆಗೆದದ್ದು ಸುಮಾರು ಒಂದೂವರೆ ಗಂಟೆಗೆ. ಫಿಟ್ಸ್ ಬಂದದ್ದು ಎರಡಕ್ಕೆ. ಹೊಳೆನರಸೀಪುರದ ಆಸ್ಪತ್ರೆಗೆ ತಲುಪಿದ್ದು 2.37ಕ್ಕೆ. ಅಲ್ಲಿ ಫಿಟ್ಸ್ ನಿಲ್ಲಿಸಿ, ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕಳಿಸಿದರು. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಫಿಟ್ಸ್ ಇದ್ದದ್ದೇ ಕಷ್ಟವಾಯಿತು, ಮೊದಲೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ವೈದ್ಯರು ಹಂಸಳಿಗೆ ಹೇಳುವಾಗ ನಾನು ಪಕ್ಕದಲ್ಲಿ ನಿಂತಿದ್ದೆ. ಅದೇ ಸಂಜೆ ಆಸ್ಪತ್ರೆಯ ವರಾಂಡದಲ್ಲಿ ದೂರು ಬರೆಸುವಾಗ ಹಂಸ ಎದುರಿಗಿದ್ದಳು. ಇಬ್ಬರು ಎಂದದ್ದನ್ನು ಒಬ್ಬ ಎಂದು ಮಾಡಿ, ಚಾಕುವನ್ನು ಹಾಗೆಯೇ ಉಳಿಸಿದೆ. ನೀವು ಬಿಡಿಸ್ಕೊಳ್ಳೋಕ್ಕೆ ಹೋಗಿದ್ರೆ ಏನು ಗತಿಯಾಗ್ತಿತ್ತೋ ಎಂದು ಆಕೆ ನನ್ನ ಕೈ ಹಿಡಿದುಕೊಂಡಳು.

19ರಂದು ಬೆಳಿಗ್ಗೆ 11 ಗಂಟೆಗೆ ಕಾರಿನ ಮಹಜರು ನಡೆಯಿತು. ಪರದೆಯಲ್ಲಿದ್ದ ಅಂಕಿಗಳನ್ನು ನಾನೇ ಓದಿ ಹೇಳಿದೆ. ಬಂದ ದೂರ 44.1 ಕಿ.ಮೀ. ಉಳಿದದ್ದು 31. ಎಂಜಿನ್ ಓಡಿದ ಸಮಯ 1 ಗಂಟೆ 18 ನಿಮಿಷ. ಬರೆದುಕೊಂಡವರು ಅದರ ಅರ್ಥ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ. ಹಾಸನದಲ್ಲಿ 11.40ಕ್ಕೆ ಚಾಲೂ ಮಾಡಿದ ಎಂಜಿನ್ನನ್ನು ನಾನು ನಡುವೆ ಎಲ್ಲೂ ಆರಿಸಿರಲಿಲ್ಲ. ಅಂದರೆ ಅದು ಬ್ಯಾರನ್ನಿನಲ್ಲಿ ನಿಂತದ್ದು 12.58ಕ್ಕೆ. ಮಾರಮ್ಮ ನನ್ನ ಎದುರು ನಿಂತು ಹಳೇಕೋಟೆ ರಸ್ತೆ ಎಂದದ್ದು 1.05ಕ್ಕೆ. ಆ ಹೊತ್ತಿಗೆ ನನ್ನ ಮಗಳು 11.7 ಕಿಲೋಮೀಟರ್ ದೂರದಲ್ಲಿ, ಎಲ್ಲಿಗೂ ಹೋಗದೆ, ಒಂದೇ ಕಡೆ ಇದ್ದಳು. ಜೀಪಿಗೆ ಇಪ್ಪತ್ತೈದು ನಿಮಿಷದ ದಾರಿ. ನಾನು ಅಲ್ಲ ಎನ್ನದಿದ್ದರೆ ಫಿಟ್ಸ್ ಬರುವ ಮುಂಚೆಯೇ ಅವಳು ಆಸ್ಪತ್ರೆಯಲ್ಲಿರುತ್ತಿದ್ದಳು. ಈ ಲೆಕ್ಕವನ್ನು ಎರಡು ದಿನದಿಂದ ಬೇರೆ ಬೇರೆ ರೀತಿಯಲ್ಲಿ ಮಾಡಿ ನೋಡಿದ್ದೇನೆ. ಉತ್ತರ ಬದಲಾಗುವುದಿಲ್ಲ.

ನಿನ್ನೆ ಸಂಜೆ 4 ಗಂಟೆಗೆ, ಅರಕಲಗೂಡು ಬಸ್ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಆರೋಪಿಯನ್ನು ಗುರುತಿಸಲು ನನ್ನನ್ನು ಇಲ್ಲಿಗೆ ಕರೆಸಿದ್ದರು. ಆತ ಹೊಗೆಸೊಪ್ಪು ಸಾಗಿಸುವ ಲಾರಿಯಲ್ಲಿ ಕ್ಲೀನರ್ ಆಗಿದ್ದವನು, ಆ ಬ್ಯಾರನ್ನು ಅವನಿಗೆ ಗೊತ್ತಿದ್ದ ಜಾಗ. ಕಾರನ್ನು ಬಚ್ಚಿಡಲು ಹಿಂದಕ್ಕೆ ತೆಗೆಯುವಾಗ ಅದು ಕೂಗತೊಡಗಿತೆಂದೂ, ಕಳ್ಳರನ್ನು ಹಿಡಿಸುವ ಸೈರನ್ ಎಂದು ಹೆದರಿದೆನೆಂದೂ, ಅದೇ ಹೊತ್ತಿಗೆ ಹಿಂದಿನಿಂದ ಮಗು ಅತ್ತದ್ದರಿಂದ ರಿವರ್ಸ್ ಗೇರನ್ನೂ ಬಿಡಿಸದೆ, ಕೀಲಿಯನ್ನೂ ತಿರುಗಿಸದೆ ಎಂಜಿನ್ ಬಂದ್ ಬೀಳಿಸಿ, ಇಳಿದು ಬಾಗಿಲು ದೂಕಿ ಮುಚ್ಚಿ ಓಡಿದೆನೆಂದೂ ಒಪ್ಪಿಕೊಂಡಿದ್ದಾನೆ. "ಕೂಸೈತೆ ಅಂತ ಗೊತ್ತಿದ್ರೆ ಮುಟ್ತಾನೇ ಇರ್ಲಿಲ್ಲ ಸಾ" ಎಂದ. ಚಾಕು ತೋರಿಸಿದವನು ಇವನೇನಾ ಎಂದು ನನ್ನನ್ನು ಕೇಳಿದರು. ಆತ ತಲೆ ಎತ್ತಿ, "ನಿಮ್ಮನ್ನ ನಾನು ನೋಡೇ ಇಲ್ವಲ್ಲ ಸಾ. ಯಾವ ಚಾಕು ಸಾ?" ಎಂದ. ಅವನ ಮಾತಿನಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ. ನಾನು ನಾಳೆ ಹೇಳುತ್ತೇನೆ ಎಂದು ಎದ್ದು ಹೋದೆ.

ಅವನು ಕಾರು ಕದ್ದದ್ದು ನಿಜ. ಮಗುವನ್ನು ಬಿಟ್ಟು ಓಡಿದ್ದೂ ನಿಜ. ಆದರೆ ಅವನು ಮಾಡದ ಅಪರಾಧವನ್ನು ನಾನು ಬರೆಸಿದ್ದೇನೆ. ಅದನ್ನು ತೆಗೆದುಹಾಕಬೇಕು. ಸುಳ್ಳು ದೂರು ಕೊಟ್ಟದ್ದಕ್ಕೆ ನನ್ನ ಮೇಲೆ ಕಾನೂನಿನಂತೆ ಏನು ಕ್ರಮ ತೆಗೆದುಕೊಂಡರೂ ನನ್ನ ತಕರಾರಿಲ್ಲ. ಮಾರಮ್ಮನವರು ಹೇಳಿದ್ದು ಅಕ್ಷರಶಃ ಸರಿಯಾಗಿತ್ತೆಂದು ದಾಖಲೆಯಲ್ಲಿ ಸೇರಿಸಬೇಕೆಂದು ಕೋರುತ್ತೇನೆ.

ಅನ್ವಿತಾ ನಿನ್ನೆ ಬೆಳಿಗ್ಗೆ ಕಣ್ಣು ಬಿಟ್ಟಿದ್ದಾಳೆ. ಹಾಲು ಕುಡಿಸಿದರೆ ನುಂಗುತ್ತಾಳೆ. ಬಲಗೈ ಎತ್ತುತ್ತಿಲ್ಲ, ಮಾತು ಇನ್ನೂ ಬಂದಿಲ್ಲ. ಜೀವಕ್ಕೆ ಅಪಾಯವಿಲ್ಲ, ಉಳಿದದ್ದು ನಿಧಾನವಾಗಿ ಬರಬಹುದು, ಎಷ್ಟು ಬರುತ್ತದೆಂದು ಈಗಲೇ ಹೇಳಲಾಗದು ಎಂದಿದ್ದಾರೆ.

ಈ ವಿಷಯವನ್ನು ಹೆಂಡತಿಗೆ ಹೇಳಲು ಮೂರು ದಿನ ಪ್ರಯತ್ನಪಟ್ಟೆ. ಆಗಲಿಲ್ಲ. ಆದ್ದರಿಂದ ಇಂದು ಮಗುವಿನ ಬಳಿ ಅತ್ತೆಯವರನ್ನು ಕೂರಿಸಿ, ಹಂಸಳನ್ನು ಜೊತೆಗೆ ಕರೆತಂದು, ನನ್ನ ಹೇಳಿಕೆಯನ್ನು ಆಕೆಯ ಎದುರು ಗಟ್ಟಿಯಾಗಿ ಓದಬೇಕೆಂದು ಠಾಣಾಧಿಕಾರಿಗಳಲ್ಲಿ ಕೇಳಿಕೊಂಡಿದ್ದೆ. ಅದರಂತೆ, ಇಲ್ಲಿಯವರೆಗೆ ಬರೆಸಿದ್ದನ್ನು ಪುಟ್ಟಸ್ವಾಮಿಯವರು ಓದಿದ್ದಾರೆ. ಆಕೆ ಬೆಂಚಿನ ಮೇಲೆ ಕೂತು ಪೂರ್ತಿ ಕೇಳಿದಳು. ಅಳಲಿಲ್ಲ, ನನ್ನ ಕಡೆ ನೋಡಲಿಲ್ಲ. ಓದಿ ಮುಗಿದ ಮೇಲೆ, ಮಾರಮ್ಮ ಠಾಣೆಗೆ ಬಂದ ಭಾಗವನ್ನು ಇನ್ನೊಂದು ಸಲ ಓದಿ ಎಂದು ಪುಟ್ಟಸ್ವಾಮಿಯವರಿಗೆ ಹೇಳಿದಳು. ಅವರು ಇನ್ನೊಂದು ಸಲ ಓದಿದರು.

ಮೇಲೆ ಬರೆದಿರುವುದೆಲ್ಲ ನಾನು ಹೇಳಿದಂತೆಯೇ ಇದೆ. ಇದರಲ್ಲಿ ಯಾರ ಒತ್ತಾಯವೂ ಇಲ್ಲ, ಈ ಸಲ ನಾನು ಮುಚ್ಚಿಟ್ಟದ್ದೂ ಏನೂ ಇಲ್ಲ.

ಸ್ಥಳ: ಹೊಳೆನರಸೀಪುರ
ದಿನಾಂಕ: 21-04-2009, ಮಧ್ಯಾಹ್ನ 12.20

(ಸಹಿ) ಕೇದಾರ್ ಸಿ.