ಹತ್ತೂ ಮುಕ್ಕಾಲರ ನಾಡಿ

ಅಲ್ಲ ಕಣೆ, ಅಲ್ಲ! ರೋಗಿಯ ನಾಲಿಗೆ ಹಿಂದಕ್ಕೆ ಬಿದ್ದಿದೆ, ಏನು ಮಾಡ್ತೀಯಾ ಅಂತ ಪರೀಕ್ಷೆಯಲ್ಲಿ ಕೇಳಿದ್ರೆ ‘ಡಾಕ್ಟರನ್ನ ಕೂಗ್ತೀನಿ’ ಅಂತೀಯಲ್ಲ... ಡಾಕ್ಟರು ಮೆಟ್ಟಿಲು ಹತ್ತಿ ಬರೋವರೆಗೆ ಅವನು ಉಸಿರು ಬಿಗಿಹಿಡ್ಕೊಂಡು ಕಾಯ್ತಾನಾ? ಮೊದಲು ನಿನ್ನ ಕೈ. ಕಿವಿ ಕೆಳಗೆ ಬೆರಳು ಕೊಟ್ಟು ದವಡೆ ಮುಂದಕ್ಕೆ ಎತ್ತು. ಹೀಗೆ... ಆಮೇಲೆ ಕೂಗು. ಯಾಕೆ ನಗ್ತೀಯಾ? ನನ್ನ ದವಡೆ ನಾನೇ ಎತ್ತಿಕೊಂಡ್ರೆ ನಗು ಬರ್ತದಾ? ನಗು, ನಗು. ನೀನು ನಕ್ಕು ಎಂಟು ದಿನ ಆಯ್ತು.

ಆ ಸ್ಟೂಲು ಸ್ವಲ್ಪ ಇತ್ತ ತಳ್ಳು ಮಾರಾಯ್ತಿ, ಕಾಲು ಮೇಲಿಡ್ತೀನಿ. ಬೆಳಿಗ್ಗೆಯಿಂದ ನಾಲ್ಕು ಆಪರೇಶನ್ನು... ಹದಿನೆಂಟು ವರ್ಷ ಕಣೆ ಶರಾವತಿ, ಈ ರಿಕವರಿ ರೂಮಲ್ಲಿ. ಥಿಯೇಟರಿಂದ ತಂದು ಮಲಗಿಸಿದವರಿಗೆ ಎಚ್ಚರ ಆಗೋವರೆಗೆ ಕಾಯೋದು, ಅಷ್ಟೇ ಕೆಲಸ. ತೀರ್ಥಹಳ್ಳಿಯಲ್ಲಿ ನಮ್ಮಮ್ಮ ಕೇಳ್ತಿದ್ಲು, ‘ಮಲಗಿದವರನ್ನ ನೋಡ್ತಾ ಕೂರೋಕೂ ಸಂಬಳ ಕೊಡ್ತಾರಾ ದುಗ್ಗಿ?’ ಅಂತ. ಕೊಡ್ತಾರಮ್ಮ... ಕೂರೋಕೆ ಬಿಡೋದಿಲ್ಲ.

ನಮ್ಮ ಕಾಲಕ್ಕೆ ಈ ಪರೀಕ್ಷೆ ಗಿರೀಕ್ಷೆ ಯಾವುದೂ ಇರ್ಲಿಲ್ಲ. ಪ್ರಜ್ಞೆ ತಪ್ಪಿಸೋ ಈಥರಿನ ವಾಸನೆ ಕುಡಿದೂ ಕುಡಿದೂ ಕಲಿತದ್ದು. ಈಗ ಎಂಬತ್ನಾಲ್ಕನೇ ಇಸವಿ, ಎಲ್ಲದಕ್ಕೂ ಸರ್ಟಿಫಿಕೇಟು. ಪಾಸಾದವರಿಗೆ ರಿಕವರಿ ರೂಮು, ಉಳಿದವರಿಗೆ ವಾರ್ಡು. ಸಾಗರದ ನಮ್ಮ ಆಸ್ಪತ್ರೆಯಿಂದ ಒಬ್ಬಳನ್ನ ಕಳಿಸ್ತಾರೆ, ಆ ಒಬ್ಬಳು ನೀನು. ಸೋಮವಾರ ಶಿವಮೊಗ್ಗ. ಮೊದಲ ಬಸ್ಸಿಗೇ ಹೊರಟುಬಿಡು, ಎರಡನೇದನ್ನ ನೆಚ್ಚಿಕೊಂಡ್ರೆ ಕೆಟ್ಟೆ...

ಮತ್ತೆ ಅದೇ ರಾಗ! ‘ನಾನು ಹೋಗೋದಿಲ್ಲ ಅಕ್ಕ, ನನಗೆ ಯೋಗ್ಯತೆ ಇಲ್ಲ ಅಕ್ಕ.’ ಯೋಗ್ಯತೆ ಯಾರ ಹಣೆ ಮೇಲೂ ಬರೆದಿರೋದಿಲ್ಲ. ಹೊಸನಗರದಿಂದ ನಿಮ್ಮಪ್ಪ ಹೂವಪ್ಪ ನಿನ್ನನ್ನ ತಂದು ಬಿಟ್ಟಾಗ ‘ನಿಮ್ಮ ಕೈಗೆ ಒಪ್ಪಿಸಿದೀನಿ ಸಿಸ್ಟರ್’ ಅಂದಿದ್ರು. ನಾನೇನು ಉತ್ತರ ಹೇಳ್ಲಿ ಅವರಿಗೆ? ಎಂಟು ದಿನದ ಹಿಂದೆ ಇಲ್ಲಿ ಉಸಿರು ಕಟ್ಟಿದ ಆ ಗಿರಿಯಪ್ಪ ಸತ್ತಿಲ್ಲವಲ್ಲ! ಜೋಗದ ಪವರ್‌ಹೌಸಲ್ಲಿ ದುಡಿದ ಮೈ, ಗಟ್ಟಿ ಇದೆ. ನಿನ್ನೆ ಎದ್ದು ಕೂತು ಗಂಜಿ ಕುಡಿದ. ಹೆಂಡತಿ ಹೆಸರು... ಬರ್ತದೆ, ನೆನಪಿಗೆ ಬರ್ತದೆ. ‘ನಾನು ಮೂಕಮ್ಮ, ನಾನು ಮೂಕಮ್ಮ’ ಅಂತ ಅವಳೇ ಪಕ್ಕದಲ್ಲಿ ಕೂತು ಹೇಳಿಕೊಡ್ತಿದಾಳೆ, ಬಾರದೇ ಏನು. ಮುಖ ತಿರುಗಿಸಬೇಡ, ಇತ್ತ ನೋಡು. ನೀಲಿ ತಿರುಗಿದ್ದವನನ್ನ ವಾಪಸ್ ಎಳೆದು ತಂದವಳು ನೀನೇ ತಾನೆ?

ತಡವಾಗಿ ನೋಡಿದೆ ಅಂತೀಯಾ... ಹೂಂ. ಆಯ್ತು, ತಡವಾಯ್ತು. ಆಗ್ತದೆ.

ಅದಕ್ಕೇ ಅಲ್ವಾ ನಾನು ಈ ಕಾಗದ ಬರೆದುಕೊಟ್ಟಿದ್ದು? ‘ಡ್ಯೂಟಿ ವಹಿಸಿಕೊಂಡ ಮೇಲೆ ರೋಗಿಯ ಕಡೆ ಗಮನ ಕೊಡದೆ ಇದ್ದದ್ದು ನನ್ನ ಅಜಾಗರೂಕತೆ, ಕ್ಷಮಿಸಬೇಕು.’ ಒಂದೇ ವಾಕ್ಯ. ಸಹಿ ಹಾಕು, ಐದು ಗಂಟೆಯೊಳಗೆ ನಾರಾಯಣಮೂರ್ತಿ ಡಾಕ್ಟರ ಟೇಬಲ್ ಮೇಲಿಡು. ಇದು ಕೈಗೆ ಬರದೆ ನಿನ್ನ ಪರೀಕ್ಷೆ ಫಾರಂಗೆ ಅವರು ಸಹಿ ಹಾಕೋದಿಲ್ಲ, ನಿನಗೇ ಹೇಳಿದಾರಲ್ಲ. ಫೈಲಿಗೆ ಹೋಗ್ತದೆ, ಹೋಗ್ಲಿ. ಫೈಲು ಯಾರು ಓದ್ತಾರೆ? ಇಲಿ ಓದ್ತದೆ. ನೀನು ಚಿಕ್ಕವಳು ಕಣೆ, ನಿನ್ನನ್ನ ಕ್ಷಮಿಸ್ತಾರೆ. ನನ್ನಂಥವಳಾದ್ರೆ... ಬಿಡು, ನನ್ನ ಮಾತು ಯಾಕೀಗ.

ಹಾಂ, ಪೆನ್ನು ತಗೊಂಡ್ಯಾ? ಜಾಣೆ. ಅಷ್ಟರಲ್ಲಿ ಇನ್ನೊಂದು ಪ್ರಶ್ನೆ. ಬಾಯಿಮಾತಿನ ಪರೀಕ್ಷೆಯಲ್ಲಿ ಇದು ಬಂದೇ ಬರ್ತದೆ. ಇನ್ನೊಬ್ಬ ನರ್ಸಿನಿಂದ ನೀನು ರೋಗಿಯನ್ನ ವಹಿಸಿಕೊಳ್ತೀಯಾ. ಮೊದಲು ಏನು ನೋಡ್ತೀಯಾ?

ಚಾರ್ಟಾ? ಅಯ್ಯೋ ಪುಣ್ಯಾತ್ಗಿತ್ತಿ, ಈಥರ್ ಕೊಟ್ಟಿದ್ದು ಚಾರ್ಟಿಗಾ? ಮೊದಲು ಮುಖ! ತುಟಿಯ ಬಣ್ಣ. ಎದೆ ಏರಿಳೀತಿದೆಯಾ, ಮೂಗಿನ ಹತ್ರ ಅಂಗೈ ಇಟ್ರೆ ಬೆಚ್ಚಗಿನ ಗಾಳಿ ಬರ್ತದಾ. ನಾಡಿ ನಿನ್ನ ಬೆರಳಲ್ಲೇ ಎಣಿಸು. ಚಾರ್ಟು ಆಮೇಲೆ. ಕಾಲುಗಂಟೆಗೊಮ್ಮೆ ಬರೀಬೇಕು ಅಂತ ರೂಲು ಇದೆ, ಬರೆದಿರ್ತದೆ. ನೋಡಿ ಬರೆದ್ರೋ ನೋಡದೆ ಬರೆದ್ರೋ, ಕಾಗದಕ್ಕೇನು ಗೊತ್ತು?

ನೋಡದೆ ಯಾರು ಬರೀತಾರೆ ಅಂತೀಯಾ? ಬರೀತಾರೆ ಕಣೆ! ನೀನಿನ್ನೂ ಹೊಸಬಳು. ‘ಮುಂಗಡ ನಾಡಿ’ ಅಂತ ನಾವು ನಾವೇ ತಮಾಷೆ ಮಾಡ್ತಿದ್ವಿ. ಒಂದು ಸಲ ನೋಡಿರ್ತೀವಿ, ನಾಡಿ ಎಂಬತ್ನಾಲ್ಕು. ಗಟ್ಟಿ ಆಳು. ಅರ್ಧ ಗಂಟೆಯಲ್ಲಿ ಏನು ಪ್ರಳಯ ಆಗ್ತದೆ ಅಂತ ಮುಂದಿನ ಎರಡು ಸಾಲನ್ನೂ ಆಗಲೇ ತುಂಬಿಬಿಡೋದು. ಕೆಟ್ಟವರೇನಲ್ಲ, ಸೋತವರು. ಮೂರು ಮಂಚಕ್ಕೆ ಒಬ್ಬಳು. ಇಲ್ಲಿ ಮಗು ವಾಂತಿ ಮಾಡ್ತಿರ್ತದೆ, ಅಲ್ಲಿ ಡಾಕ್ಟರು ಕೂಗ್ತಿರ್ತಾರೆ, ಕೆಳಗೆ ಆಕ್ಸಿಜನ್ ಲಾರಿ ಬಂದು ಹಾರನ್ ಮೇಲೆ ಹಾರನ್ನು. ಸಿಲಿಂಡರ್ ನೋಡಿ ಇಳಿಸ್ಕೊಳ್ಳೋಕೆ ಬೇರೆ ಯಾರಿದಾರೆ...

ಯಾವ ಲಾರಿ? ಲಾರಿ ಅಂದ್ರೆ ಲಾರಿ. ತಿಂಗಳಿಗೆರಡು ಸಲ ಬರೋದಿಲ್ವಾ... ಹೌದು, ಅವತ್ತೂ ಬಂದಿತ್ತು. ಬಂದಿತ್ತಪ್ಪ, ಅದಕ್ಕೇನೀಗ? ನಾನೇ ಇಳಿಸ್ಕೊಂಡೆ. ಆ ಡ್ರೈವರ್ ಭೂತಪ್ಪ ಅರ್ಧ ಖಾಲಿಯಾದದ್ದನ್ನೂ ತುಂಬಿದೆ ಅಂತಾನೆ, ಒಂದೊಂದನ್ನೂ ತಿರುಪಿ ನೋಡಿ, ಅವನ ಜೊತೆ ಜಗಳ ಆಡಿ ನನ್ನ ಗಂಟಲು ಹೋಯ್ತು.

ಎಷ್ಟು ಹೊತ್ತಿಗಾ? ಹತ್ತೂ ಇಪ್ಪತ್ತಕ್ಕೆ ಕೆಳಗೆ ಹೋಗಿರಬೇಕು. ನಿನ್ನನ್ನ ಸಿರಿಂಜು ಕುದಿಸೋಕೆ ಕಳಿಸಿದ್ದೆನಲ್ಲ, ಆಯಾ ಕೆರಿಯಮ್ಮನನ್ನ ಬಾಗಿಲ ಹತ್ರ ಕೂರಿಸಿ ಹೋದೆ. ಮೇಲಿಂದ ನೀನು ‘ಅಕ್ಕಾ’ ಅಂತ ಕಿರುಚಿದಾಗ ಇನ್ನೂ ಗೇಟಿನ ಹತ್ರಾನೇ ಇದ್ದೆ. ಅಲ್ಲಿಂದಲೇ ಓಡಿ ಬಂದೆ...



ಶರಾವತಿ... ಪೆನ್ನು ಯಾಕೆ ಕೆಳಗಿಟ್ಟೆ? ಏನು, ಆಂ? ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಲಿ? ಹಾಗೆ ನೋಡಬೇಡ. ಬೈಯೋದಿದ್ರೆ ಬೈದುಬಿಡು.

...

ಹೌದು.

ಹತ್ತೂ ಮುಕ್ಕಾಲಿಗೆ ನೀನು ಒಳಗೆ ಬಂದಾಗ ನಾನು ಅಲ್ಲಿರಲಿಲ್ಲ. ಹತ್ತೂವರೆಗೂ ಇರಲಿಲ್ಲ. ಆದ್ರೆ ಚಾರ್ಟಲ್ಲಿ ಹತ್ತೂ ಮುಕ್ಕಾಲರ ಸಾಲು ತುಂಬಿತ್ತು. ನಾಡಿ ಎಂಬತ್ನಾಲ್ಕು, ಉಸಿರು ಸರಿ, ನನ್ನ ಅಕ್ಷರ. ಅಕ್ಕ ಈಗಷ್ಟೇ ನೋಡಿ ಹೋಗಿದಾಳೆ ಅಂತ ನೀನು ನಂಬಿದೆ. ನಂಬಿ ಆ ವಾಂತಿ ಮಾಡೋ ಮಗು ಹತ್ರ ಹೋದೆ. ಯಾರಿದ್ರೂ ಹೋಗ್ತಿದ್ರು ಕಣೆ... ನಾನು ನೋಡಿರಲಿಲ್ಲ. ಹತ್ತೂ ಕಾಲಿಗೆ ನೋಡಿದ್ದೇ ಕೊನೆ. ಹೊರಗೆ ಕಾಲಿಡುವಾಗ ಅವನ ಗೊರಕೆ ಕೇಳಿಸ್ತು. ನಿದ್ದೆ ಅಂದ್ಕೊಂಡೆ. ಈಥರ್ ಕುಡಿದವನ ಗೊರಕೆ ನಿದ್ದೆಯದಲ್ಲ, ನಾಲಿಗೆ ಅಡ್ಡ ಬಂದದ್ದು ಅಂತ ನಿನಗೆ ಹೇಳಿಕೊಟ್ಟವಳೇ ನಾನು. ನನಗೇ ಹೊಳೀಲಿಲ್ಲ. ಅಷ್ಟು ಸೋತಿದ್ದೆ.

ಎಂಟು ದಿನ ನೀನು ‘ನಾನೆಲ್ಲಿ ತಪ್ಪಿದೆ ಅಕ್ಕ’ ಅಂತ ಕೇಳ್ತಿದ್ದೆ. ನಾನು ಪಾಠ ಹೇಳಿಕೊಡ್ತಿದ್ದೆ. ಇನ್ನೆರಡು ವರ್ಷಕ್ಕೆ ರಿಟೈರಾಗೋದು, ಆವರೆಗೆ ಹೇಗಾದ್ರೂ ಕಳೆದ್ರೆ ಸಾಕು ಅಂತ... ನಾಚಿಕೆ ಆಗ್ತದೆ ಕಣೆ. ಹೆದರಿಕೆ ಅದಕ್ಕಿಂತ ಹೆಚ್ಚಿತ್ತು.

ಸಹಿ ಹಾಕಬೇಡ. ಹರಿದು ಹಾಕು ಅದನ್ನ. ಪೆನ್ನು ಇತ್ತ ಕೊಡು, ನಾನೇ ಬೇರೆ ಬರೆದು ಡಾಕ್ಟರ ಕೈಗೆ ಕೊಡ್ತೀನಿ. ನೀನು ರೂಮಿಗೆ ಹೋಗಿ ಓದ್ಕೋ, ಸೋಮವಾರ ಬರ್ತದೆ. ಹೋಗು... ಯಾಕೆ, ಏಳೋದಿಲ್ವಾ? ಬರೀತೀನಿ ಅಂದ್ನಲ್ಲ ಮಾರಾಯ್ತಿ. ನಾನು ಹೇಳಿದ ಮೇಲೆ...

ಓ.

ಸರಿ. ಸರಿ ಕಣೆ, ನಂಬಬೇಡ. ಇಲ್ಲೇ ಎದುರಿಗೆ ಕೂತ್ಕೋ. ನಾನು ಬರೆಯೋದನ್ನ ನೋಡು.