ಕಡತದಿಂದ ತೆಗೆದ ಮಾತು

ಒಂದು ದೇಶದಲ್ಲಿ ಒಬ್ಬ ನಾಯಕ ಇದ್ದ. ಯಾವ ದೇಶ ಅಂತ ಕೇಳಬೇಡಿ, ಹೆಸರು ಹೇಳಿದರೆ ನಿಮ್ಮ ತಲೆ ಆ ಕಡೆ ಓಡುತ್ತೆ, ನನ್ನ ಕಥೆ ಇಲ್ಲೇ ಉಳಿಯುತ್ತೆ. ಆ ದೇಶದ ಪಾರ್ಲಿಮೆಂಟಿನಲ್ಲಿ ಅವನ ಪಕ್ಷಕ್ಕೆ ಬಹುಮತ. ಯಾವ ಮಸೂದೆ ಯಾವಾಗ ಬರಬೇಕು, ಯಾರು ಎಷ್ಟು ನಿಮಿಷ ಮಾತಾಡಬೇಕು, ಯಾರು ಬಾಯಿ ಮುಚ್ಕೊಂಡು ಕೂರಬೇಕು, ಎಲ್ಲ ಅವನ ಕೈಯಲ್ಲಿ. ಭಾಷಣಕ್ಕೆ ಎದ್ದು ನಿಂತರೆ, ಅಬ್ಬಾ, ಬೈಸಿಕೊಂಡವರೂ ತಲೆದೂಗಬೇಕು, ಹಾಗೆ ಮಾತಾಡೋನು.

ಕೆಟ್ಟವನಾ? ಅಲ್ಲ. ನೋಡಿ, ಕೆಟ್ಟವನ ಕಥೆ ಹೇಳಿದರೆ ನೀವು ಆರಾಮಾಗಿ ಈ ಗುಡಿ ಕಂಬಕ್ಕೆ ಒರಗಿಕೊಂಡು ಕೇಳ್ತೀರಿ, ಇದು ನಮ್ಮ ಸುದ್ದಿ ಅಲ್ಲ ಅಂತ. ಇವನು ಮರ್ಯಾದಸ್ಥ. ಹೆಂಡತಿ ಅಂದರೆ ಜೀವ ಬಿಡೋನು. ಒಂದೇ ಒಂದು ಚಟ ಇತ್ತು ಅವನಿಗೆ.

ಪಾರ್ಲಿಮೆಂಟಿನಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಆಡಬಾರದ್ದು ಆಡಿದರೆ ಸಭಾಧ್ಯಕ್ಷರು ಅದನ್ನು ಕಡತದಿಂದ ತೆಗೆಸ್ತಾರೆ. ಅಚ್ಚಾದ ಪುಸ್ತಕದಲ್ಲಿ ಆ ಮಾತಿದ್ದ ಜಾಗದಲ್ಲಿ ಮೂರು ನಕ್ಷತ್ರದ ಗುರುತು, ಅಷ್ಟೇ. ಆಡಿದ ಮಾತು ಆಡಲೇ ಇಲ್ಲ ಅಂತ ಆಗಿಬಿಡುತ್ತೆ. ಬೈಗುಳಕ್ಕೆ ಅಂತ ಮಾಡಿದ ಪದ್ಧತಿ. ನಮ್ಮ ನಾಯಕ ಏನು ಮಾಡಿದ? ಮೊದಲು ಬೈಗುಳ ತೆಗೆಸಿದ. ಸರಿ. ಆಮೇಲೆ ಖಾರದ ಮಾತು ತೆಗೆಸಿದ. ಹೋಗಲಿ. ಆಮೇಲೆ ತನಗೆ ಹಿಡಿಸದ ಮಾತು. ಸಭಾಧ್ಯಕ್ಷರೂ ಅವನ ಕಡೆಯವರೇ. ಇವನು ಶಾಲು ಸರಿಮಾಡಿಕೊಂಡು, ನಗುನಗುತ್ತಾ ಎದ್ದು, "ಮಾನ್ಯರೇ, ಇದನ್ನು ಕಡತದಿಂದ ತೆಗೆಯಬೇಕು" ಅಂದರೆ ಮುಗೀತು.

ಒಂದು ಸಲ ಸೇತುವೆ ಮಸೂದೆ ಬಂತು. ಸಮುದ್ರದ ಮೇಲೆ ಒಂದು ಹಳೇ ಸೇತುವೆ, ಆಚೆಗೆ ಒಂದು ದ್ವೀಪ. ಅದರ ಮೇಲೆ ರೈಲು ಓಡಿಸಬೇಕು ಅಂತ ನಾಯಕನಿಗೆ ಬಹಳ ವರ್ಷದ ಆಸೆ. ಅವನ ಹೆಂಡತಿಯ ತವರು ಆ ದ್ವೀಪವೇ. ದ್ವೀಪದಿಂದ ಆರಿಸಿ ಬಂದ ಒಬ್ಬ ಮುದುಕಿ ವಿರೋಧ ಪಕ್ಷದಲ್ಲಿದ್ದಳು, ಮೀನು ಮಾರಿ ಬೆಳೆದ ಹೆಂಗಸು. ಅವಳು ಎದ್ದು ಇಪ್ಪತ್ತು ನಿಮಿಷ ಮಾತಾಡಿದಳು: "ಸ್ವಾಮಿ, ಮೂರನೇ ಕಂಬ ನಡುಗುತ್ತೆ. ನಾನು ದೋಣಿಯಲ್ಲಿ ಹೋಗಿ ಅಂಗೈ ಇಟ್ಟು ನೋಡಿದ್ದೀನಿ. ಮೊದಲು ಅದನ್ನ ಸರಿಮಾಡಿ. ಅಲ್ಲೀತನಕ ರೈಲು ಬೇಡ."

ನಾಯಕ ಎದ್ದ. ಶಾಲು ಸರಿಮಾಡಿಕೊಂಡ. ಅವಳ ಅಷ್ಟೂ ಮಾತನ್ನು ಪೂರ್ತಿ ತೆಗೆಸಿದ.

ಮುದುಕಿ ಬಿಡಲಿಲ್ಲ, ಮತ್ತೆ ಶುರುಮಾಡಿದಳು. ಈ ಸಲ ಅವಳ ಬಾಯಿ ಆಡ್ತಿದೆ, ಕೈ ಆಡ್ತಿದೆ, ಸದ್ದೇ ಇಲ್ಲ. "ಮೈಕ್ ಆಫ್ ಮಾಡಿಸಿದ್ರಾ?" ಅಂತ ನಾಯಕ ಪಕ್ಕದವನನ್ನು ಕೇಳಿದ. ಪಕ್ಕದವನು ಅವನ ಮುಖ ನೋಡಿದ. "ಏನ್ಸಾರ್ ಹೀಗಂತೀರಿ? ಚಾವಣಿ ಹಾರಿಹೋಗೋ ಹಾಗೆ ಕೂಗ್ತಿದ್ದಾಳಲ್ಲ."

ಆಗ ಅವನಿಗೆ ಭಯ ಆಯ್ತು ಅಂದ್ಕೊಂಡ್ರಾ? ಇಲ್ಲ. ಹಾಯೆನಿಸಿತು. ಮೈಯೆಲ್ಲ ಹಗುರ ಆಯ್ತು.

ಮಾರನೇ ದಿನ ಬೆಳಿಗ್ಗೆ ಹೆಂಡತಿ ತಟ್ಟೆ ತಂದಿಟ್ಟಳು. "ರೀ, ಉಪ್ಪಿಟ್ಟು ಬಿಸಿಯಾಗಿದೆ, ತಿನ್ನಿ. ಆ ಸೇತುವೆ ವಿಷಯ ಒಂದು ಹೇಳ್ಬೇಕಿತ್ತು" ಅಂದಳು. ಅಷ್ಟು ಕೇಳಿಸಿತು. ಆಮೇಲೆ ಬರೀ ಬಾಯಿ. ತುಟಿ ಸೇರುತ್ತೆ, ಬಿಡುತ್ತೆ, ಕಣ್ಣಲ್ಲಿ ನೀರು. ಎರಡು ಮೊಳ ದೂರದಲ್ಲಿ ಕೂತಿದ್ದಾಳೆ, ಬಾವಿ ತಳದಲ್ಲಿ ಇದ್ದ ಹಾಗಿದೆ. "ಏನಂದೆ?" ಅಂದ. ಅವಳು ಮತ್ತೆ ಹೇಳಿದಳು. ಕೇಳಿಸಲಿಲ್ಲ. ಇನ್ನೊಂದು ಸಲ ಕೇಳೋಕೆ ಅವನಿಗೆ ನಾಚಿಕೆ. "ಹೂಂ, ನೋಡೋಣ" ಅಂತ ಎದ್ದುಬಿಟ್ಟ.

ಆಫೀಸಿಗೆ ಹೋದರೆ ಸೇತುವೆಯ ಎಂಜಿನಿಯರು ಕಳಿಸಿದ ಕಾಗದ ಮೇಜಿನ ಮೇಲಿತ್ತು. ಬಿಡಿಸಿದ. ಮೇಲೆ "ಮಾನ್ಯರೇ" ಅಂತ ಇದೆ, ಕೆಳಗೆ "ತಮ್ಮ ವಿಧೇಯ" ಅಂತ ಇದೆ. ನಡುವೆ ನಾಲ್ಕು ಪುಟ, ಸಾಲಿಗೆ ಸಾಲು, ನಕ್ಷತ್ರದ ಗುರುತು. ಇನ್ನೊಬ್ಬರಿಗೆ ತೋರಿಸಿದರೆ ಅವರು ಗಂಭೀರವಾಗಿ ಓದ್ತಾರೆ, ತಲೆ ಅಲ್ಲಾಡಿಸ್ತಾರೆ. ಇವನ ಕಣ್ಣಿಗೆ ಮಾತ್ರ ನಕ್ಷತ್ರ. ಆಗ ಬೆನ್ನಲ್ಲಿ ಬೆವರು ಇಳೀತು, ನೋಡಿ.

ಸಭೆಯ ಮಾತನ್ನೆಲ್ಲ ಬರೆದುಕೊಳ್ಳೋ ಒಬ್ಬಾಕೆ ಇದ್ದಳು, ಮೂವತ್ತು ವರ್ಷದ ಸರ್ವೀಸು. ಅವಳ ಹತ್ತಿರ ಹೋಗಿ ಸುತ್ತಿಬಳಸಿ ಕೇಳಿದ, "ಅಲ್ಲಮ್ಮ, ತೆಗೆದುಹಾಕಿದ ಮಾತು ಎಲ್ಲಿಗೆ ಹೋಗುತ್ತೆ?" ಆಕೆ ಕನ್ನಡಕ ತೆಗೆದು ಒರೆಸಿಕೊಂಡಳು. "ಎಲ್ಲಿಗೂ ಹೋಗಲ್ಲ ಸಾರ್. ತೆಗೆಸಿದವರ ಹತ್ತಿರಾನೇ ಇರುತ್ತೆ. ತಪ್ಪಾಯ್ತು, ವಾಪಸ್ ಸೇರಿಸಿ ಅಂತ ಸಭೇಲಿ ಎದ್ದು ಒಂದು ಮಾತು ಹೇಳಿ. ಸೇರಿಸ್ತೀವಿ."

ಎಷ್ಟು ಸುಲಭ ಅಲ್ವಾ? ತಪ್ಪಾಯ್ತು ಅನ್ನೋದು. ಹೇಳಿದನಾ? ಶುಕ್ರವಾರ ಮಸೂದೆಯನ್ನು ಮತಕ್ಕೆ ಹಾಕೋದಿತ್ತು. ಈಗ ತಪ್ಪಾಯ್ತು ಅಂದರೆ ಹಿಂದಿನ ಸಾಲಿನ ತನ್ನ ಪಕ್ಷದವರು ಏನಂದುಕೊಂಡಾರು? ಸುಮ್ಮನಾದ.

ಶುಕ್ರವಾರ ಸಭಾಧ್ಯಕ್ಷರು ಕೇಳಿದರು, "ಪರವಾಗಿರೋರು ಹೌದು ಅನ್ನಿ." ಹೌದು ಅಂತ ಗೋಡೆ ನಡುಗಿತು. "ವಿರುದ್ಧ ಇರೋರು?" ಎದುರುಗಡೆ ನೂರಾ ನಲವತ್ತು ಬಾಯಿ ಒಟ್ಟಿಗೆ ತೆರೆದವು. ಕತ್ತಿನ ನರ ಉಬ್ಬಿದವು. ಉಸಿರಿನ ಸದ್ದೂ ಇಲ್ಲ. ತಲೆ ಮೇಲೆ ಫ್ಯಾನು ತಿರುಗೋದು ಕೇಳ್ತಿದೆ, ಸಭೆಯ ಮಾತು ಬರೆದುಕೊಳ್ಳೋ ಆಕೆಯ ಪೆನ್ನಿನ ಸದ್ದು ಕೇಳ್ತಿದೆ, ಮನುಷ್ಯರದು ಮಾತ್ರ ಇಲ್ಲ. ನಾಯಕ ತಲೆ ತಗ್ಗಿಸಿ ಕೂತ. ಮಸೂದೆ ಪಾಸಾಯ್ತು.

ಮೊದಲ ರೈಲು ಹೊರಡೋ ದಿನ ಬಂತು. ಜನಕ್ಕೆ ಧೈರ್ಯ ಬರಲಿ ಅಂತ ಹೆಂಡತಿಯನ್ನೇ ಮೊದಲನೇ ಬೋಗಿಯಲ್ಲಿ ಕೂರಿಸಿದ್ದ. ಬೋಗಿಯ ಬಾಗಿಲು ಹಾಕಿಯಾಯ್ತು. ನಾಯಕ ಪ್ಲಾಟ್‌ಫಾರಮ್ಮಿನಲ್ಲಿ ಹಸಿರು ಬಾವುಟ ಹಿಡಿದು ನಿಂತ. ಎಂಜಿನಿಯರು ಓಡಿಬಂದು ತೋಳು ಹಿಡಿದುಕೊಂಡ, ಬಾಯಿ ಆಡ್ತಿದೆ. ಆ ಮುದುಕಿ ಹಳಿ ಪಕ್ಕದಲ್ಲಿ ನಿಂತಿದ್ದಾಳೆ, ಬಾಯಿ ಆಡ್ತಿದೆ. ಕಿಟಕಿ ಕಡೆ ನೋಡಿದ. ಹೆಂಡತಿ ಎರಡೂ ಅಂಗೈಯನ್ನು ಗಾಜಿಗೆ ಒತ್ತಿದ್ದಾಳೆ. ಅವಳ ಬಾಯೂ ಆಡ್ತಿದೆ.

ಕೇಳಿಸಲಿಲ್ಲ, ನಿಜ. ಗೊತ್ತಾಗಲಿಲ್ವಾ? ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿ ಮುಖ ರೀ ಅದು. ಗೊತ್ತಾಯ್ತು ಅವನಿಗೆ. ಚೆನ್ನಾಗಿ ಗೊತ್ತಾಯ್ತು. ಆದರೆ ಸಾವಿರ ಜನ ನೋಡ್ತಿದ್ದರು, ಕೈ ಆಗಲೇ ಮೇಲೆ ಹೋಗಿತ್ತು.

ಬಾವುಟ ಬೀಸಿದ.

ರೈಲು ಮೂರನೇ ಕಂಬದ ತನಕ ಹೋಯ್ತು.

ಆಮೇಲೆ, ಯಪ್ಪಾ, ಎಲ್ಲ ಕೇಳಿಸೋಕೆ ಶುರುವಾಯ್ತು. ಮೊದಲ ದಿನ ತೆಗೆಸಿದ ಮಾತಿಂದ ಹಿಡಿದು ಒಂದಾದ ಮೇಲೆ ಒಂದು, ಆಡಿದವರ ದನಿಯಲ್ಲೇ, ಕಿವಿ ಹತ್ತಿರ ನಿಂತು ಹೇಳಿದ ಹಾಗೆ. ಮುದುಕಿಯ ಇಪ್ಪತ್ತು ನಿಮಿಷ. ಎಂಜಿನಿಯರಿನ ನಾಲ್ಕು ಪುಟ. ನೂರಾ ನಲವತ್ತು ಜನರ ಕೂಗು. ಅವನು ಕಿವಿ ಮುಚ್ಚಿಕೊಂಡು ಪ್ಲಾಟ್‌ಫಾರಮ್ಮಿನ ಮೇಲೆ ಕೂತುಬಿಟ್ಟ. ಎಲ್ಲದಕ್ಕಿಂತ ಕೊನೆಗೆ ಹೆಂಡತಿಯ ದನಿ ಬಂತು, ಮೆಲ್ಲಗೆ. "ರೀ, ನಂಗೆ ಭಯ ಆಗ್ತಿದೆ. ನಿಲ್ಲಿಸೋಕೆ ಹೇಳಿ, ನಾನು ಇಳೀತೀನಿ."

ಈಗ ಯಾಕೆ ಎಲ್ಲರೂ ನೆಲ ನೋಡ್ತಿದ್ದೀರಿ? ಚನ್ನವೀರಪ್ಪನವರೇ, ತಲೆ ಎತ್ತಿ, ನಿಮ್ಮೊಬ್ಬರಿಗೇ ಹೇಳ್ತಿಲ್ಲ. ನಿಮ್ಮ ಮನೆಯಲ್ಲಿ ಬಹುಮತ ಯಾರದು? ದನಿ ಯಾರದು ದೊಡ್ಡದೋ ಅವರದು, ಅಲ್ವಾ? "ಸುಮ್ನಿರು, ನಿಂಗೇನು ಗೊತ್ತಾಗುತ್ತೆ" ಅಂತ ದಿನಕ್ಕೆ ಎಷ್ಟು ಸಲ ಅಂತೀರಿ? ಅತ್ತೆಯರು ಅಂತೀರಿ, ಯಜಮಾನರು ಅಂತೀರಿ, ಮೇಷ್ಟರು ಅಂತೀರಿ. ಸ್ವಾಮಿ ಅನ್ನಿಸಿಕೊಂಡ ನಾನೂ ಮಠದಲ್ಲಿ ಅಂತೀನಿ, ಸುಳ್ಳು ಯಾಕೆ ಹೇಳಲಿ. ಮೊದಮೊದಲು ಎದುರಿನವರು ಸುಮ್ಮನಾಗ್ತಾರೆ. ಆಮೇಲೆ ನಮಗೆ ಕೇಳಿಸೋದು ನಿಂತುಹೋಗುತ್ತೆ. ಮನೆ ಎಷ್ಟು ಶಾಂತವಾಗಿದೆ ನೋಡಿ ಅಂತ ನಾವು ಬಂದವರ ಹತ್ತಿರ ಹೇಳ್ಕೊಂಡು ತಿರುಗ್ತೀವಿ.

ಅದಕ್ಕೆ ಒಂದು ಕೆಲಸ ಮಾಡಿ. ಕಾಯಿ ಒಡೆಸಬೇಡಿ, ಹರಕೆ ಹೊರಬೇಡಿ. ಇವತ್ತು ಮನೆಗೆ ಹೋದ ಮೇಲೆ, ನೀವು ಯಾರ ಬಾಯಿ ಮುಚ್ಚಿಸಿದ್ದೀರೋ ಅವರ ಎದುರಿಗೆ ಕೂತ್ಕೊಳ್ಳಿ. "ಅವತ್ತು ನೀನು ಏನೋ ಹೇಳೋಕೆ ಬಂದಿದ್ದೆ, ನಾನು ಬಿಡಲಿಲ್ಲ, ತಪ್ಪಾಯ್ತು. ಈಗ ಹೇಳು" ಅನ್ನಿ. ಅವರು ತಕ್ಷಣ ಹೇಳಲ್ಲ, ನಂಬಿಕೆ ಇರಲ್ಲ ಅವರಿಗೆ. ಎದ್ದು ಹೋಗಬೇಡಿ. ಅವರು ಪೂರ್ತಿ ಹೇಳಿ ಮುಗಿಸೋತನಕ ಅಲ್ಲೇ ಕೂತಿರಿ.