ಅವ್ವನ ವರತಿ

ಮತ್ತ ಬರ್ತೈತಿ ಅಂತಿಯಲ್ಲೋ ಬಸೂ, ಇದs ಮಾತ ನಮ್ಮವ್ವಗ ನಾ ಹೇಳೀನಿ, ನೀ ಈ ಕಟ್ಟಿ ಮ್ಯಾಲ ಕುಂತು ಅಂದಂಗs, ನಕ್ಕೋತ. ಟ್ರ್ಯಾಕ್ಟರ್ ತರ್ತೀನಿ, ಕೆಳಗ ಹೊಳಿ ಮಡುವಿನ ಹಂತ್ಯಾಕ ಉಳದ ಉಸುಕ ಹೇರತೀನಿ ಅಂತಿ. ಅದಕ್ಕಿಂತ ಮೊದಲ ನಿಮ್ಮಜ್ಜ ಏನ ಮಾಡಿ ಕುಂತಾನ ಕೇಳು.

ನಾಕನೇತ್ತೆಗೆ ಸಾಲಿ ಬಿಟ್ಟಾಂವ ನಾ. ಅಲ್ಲ, ಮೂರನೇತ್ತೆಗೆ, ನಾಕನೇತ್ತೆದಾಗ ಹೆಸರಷ್ಟ ಇತ್ತು. ಒಂದೂರಾಗ ಕಾಲ ನಿಲ್ಲತಿದ್ದಿಲ್ಲ. ಕೌಜಲಗ್ಯಾಗ ಕಬ್ಬ ಕಡದೆ, ಹತ್ತರಗ್ಯಾಗ ಹೈವೇ ಬಾಜೂ ಪಂಚರ್ ತಿದ್ದಿದೆ, ಎಲ್ಲಿದ್ರೂ ಬ್ಯಾಸಿಗಿಗೆ ಮನಿಗೆ ಬರಾಂವ. ಯಾಕ? ಅವ್ವನ ವರತಿ ನೀರಿಗೆ. ಘಟಪ್ರಭಾ ಸಣ್ಣಾದಾಗ ದಂಡಿ ಉಸುಕಿನ್ಯಾಗ ಮೊಣಕೈ ಆಳ ಕುಣಿ ತೋಡೂದು, ಅದs ವರತಿ. ಮೊದಲ ರಾಡಿ ಬರ್ತೈತಿ, ತೆಂಗಿನ ಪರಟಿಲೆ ಗೋರಿ ಚೆಲ್ಲಬೇಕು, ಆಮ್ಯಾಲ ನೋಡು, ಉಸುಕ ಸೋಸಿ ಕೊಟ್ಟ ನೀರು, ತಳದ ಹರಳ ಎಣಸಬಹುದು. ಕೊಡಾ ತುಂಬಿದಾಕಿ ಹಂಗs ಏಳಂಗಿಲ್ಲ ಮತ್ತ. ಇನ್ನಷ್ಟ ಗೋರಿ, ಮುಂದಿನಾಕಿಗೆ ತಿಳಿ ಮಾಡಿಟ್ಟs ಏಳಬೇಕು.

ಒಂದ ವರ್ಷ ಉಸುಕ ಹೇರಾಕ ಲಾರಿ ಬಂದ್ವು. ಸಲಿಕಿ ಹಿಡದ ಎಲ್ಲಾರಕಿಂತ ಮುಂದ ನಿಂತಾಂವ ನಾನs. ‘ಚಲೋ ಉಸುಕ ಎಲ್ಲೈತೋ?’ ಅಂತ ಮಾಲಕ ಕೇಳಿದ. ತೋರಿಸಿದೆ. ವರತಿ ಜಾಗಾನs ತೋರಿಸಿದೆ! ಅವ್ವ ಕೊಡಾ ಹಿಡಕೊಂಡ ಬಂದ್ಲು. ‘ಏ ಮುರಿಗ್ಯಾ, ಹೊಳಿದು ಈ ತಿರುವ ಒಂದ ಬಿಡಸೋ.’ ನಾ ನಕ್ಕೆ. ‘ಯಾಕ ಒದರತಿ ಬೇ, ಮಳಿಗಾಲಕ್ಕ ಮತ್ತ ಬರ್ತೈತಿ.’

ಸುಳ್ಳ ಹೇಳಿದ್ದಿಲ್ಲ ನಾ. ಸಣ್ಣಾಂವಿದ್ದಾಗ ಮಹಾಪೂರ ಇಳದ ಮ್ಯಾಲ ಹೊಸಾ ಉಸುಕ ಮೊಣಕಾಲಮಟಾ ಬಿದ್ದಿರತಿತ್ತು, ಹೊಲದಾಗ ಕರೀ ರೇವಿ ಮಣ್ಣ. ಮ್ಯಾಲ ಡ್ಯಾಂ ಕಟ್ಟ್ಯಾರ, ಗೊತ್ತಿತ್ತು. ನೀರ ತಡೀತಾರಂತ ತಿಳಿದಿದ್ದೆ. ಉಸುಕ, ರೇವಿ ಎಲ್ಲಾ ಅದರ ಹೊಟ್ಯಾಗ ಕುಂದರ್ತಾವ ಅನ್ನೂದು ಈ ಮಂಗ್ಯಾನ ತಲಿಗೆ ಹೋಗಲಿಲ್ಲ. ಡ್ಯಾಮಿನ ಬಾಗಲಾ ತಗದ್ರು, ಹೊಳಿ ತುಂಬಿ ಬಂತು, ಖರೆ, ಬರಿಗೈಲೆ ಬಂತು. ಬಂದು ನಮ್ಮ ದಂಡಿ ಮಣ್ಣನೂ ಕಿತಗೊಂಡ ಹೋತು. ಇದ್ದದ್ದನ್ನ ನಾವು ಗೋರಿದ್ವಿ, ಬರೂದನ್ನ ಡ್ಯಾಂ ಹಿಡಕೊಂಡ್ತು. ಹೊಳಿ ಎಲ್ಲಿಂದ ತರಬೇಕೋ?

ಮರು ಬ್ಯಾಸಿಗಿಗೆ ಅವ್ವ ಅದs ಜಾಗಾದಾಗ ಕುಂತ ತೋಡಿದ್ಲು. ಪರಟಿ ಟಕ್ ಅಂತು. ಕಲ್ಲು. ಬಾಜೂ ತೋಡಿದ್ಲು. ಕಲ್ಲು. ಉಗುರಾಗ ರಕ್ತ ಬಂತು. ಬೈಲಿಲ್ಲಪಾ ಆಕಿ, ಬೈದಿದ್ರ ಚಲೋ ಇತ್ತು. ಖಾಲಿ ಕೊಡಾ ನನ್ನ ಮುಂದ ಇಟ್ಟು, ‘ತುಂಬು’ ಅಂದ್ಲು. ಅಷ್ಟs.

ಆ ಮಾಲಕ ಹುಕ್ಕೇರ್ಯಾಗ ಮಾಳಿಗಿ ಮ್ಯಾಲ ಮಾಳಿಗಿ ಏರಿಸ್ಯಾನ. ಅದರ ಗ್ವಾಡ್ಯಾಗ ನಮ್ಮವ್ವನ ವರತಿ ಐತಿ. ಬಸ್ಸಿನ್ಯಾಗ ಹೋಗ್ವಾಗ ಕಂಡ್ರ ಅಂವನ ಮ್ಯಾಲ ಸಿಟ್ಟ ಬರ್ತೈತಿ, ತೋರಿಸಿಕೊಟ್ಟ ಈ ಕೈ ಮ್ಯಾಲೂ ಬರ್ತೈತಿ. ಸಿಟ್ಟಾಗಬ್ಯಾಡ ಅಜ್ಜಾ ಅಂತಿ? ಆಗತೀನಿ! ಹಿಡಿ ಈ ಕೊಡಾ, ಹಿಡಿ ಪರಟಿ. ಆಕಿ ತೋಡಿದ ಜಾಗಾದಾಗ ಒಂದ ವರತಿ ತೋಡಿ ತುಂಬಿಕೊಂಡ ಬಾ, ಆಮ್ಯಾಲ ಟ್ರ್ಯಾಕ್ಟರ್ ಮಾತಾಡು. ನೀರ ಬರಲಿಲ್ಲಂದ್ರ ಆ ಮಡುವಿನ ಉಸುಕ ಮುಟ್ಟಬ್ಯಾಡ. ತುಂಬಿಕೊಂಡಾಂವ ಮುಂದಿನಾಂವಗ ತಿಳಿ ಮಾಡಿಟ್ಟ ಏಳಬೇಕೋ. ಹೂಂ, ಏಳು.